ಬೆಟಗೇರಿಯಿಂದ ಕೊರ್ಲಹಳ್ಳಿಗೆ, ಗೇರಿಗೆ ಬೈಯುತ್ತ

ಭಾನುವಾರ ಬೆಳಿಗ್ಗೆ ಆರೂವರೆಗೆ ನಾವು ಬೆಟಗೇರಿ ಬಿಟ್ಟೆವು. ಬಿಟ್ಟೆವು ಎಂದು ಬರೆಯುವುದು ಸುಲಭ. ನಾನು ಕ್ಲಚ್ ತುಳಿದು ಮೊದಲನೇ ಗೇರಿಗೆ ಎಳೆದಾಗ ಕಾರಿನ ಹೊಟ್ಟೆಯೊಳಗೆ ಯಾರೋ ಸುತ್ತಿಗೆಯಿಂದ ಹೊಡೆದ ಹಾಗೆ 'ಢಬ್' ಎಂದಿತು. ಎದುರು ಮನೆಯ ಕಟ್ಟೆಯ ಮೇಲೆ ಹಲ್ಲುಜ್ಜುತ್ತ ಕೂತಿದ್ದ ಹಿರಿಯರು ಬಾಯಿಯೊಳಗಿನ ಬೇವಿನ ಕಡ್ಡಿ ಕೆಳಗೆ ಬೀಳಿಸಿಬಿಟ್ಟರು. "ಮುರೀತೇನ್ರಿ?" ಎಂದು ಕೂಗಿದರು. ನಮ್ಮ ಮನೆಯವರು ಕಿಟಕಿಯಿಂದ ಕೈಮುಗಿದು, "ಇಲ್ರಿ ಕಾಕಾ, ಅದರ ಸ್ವಭಾವನ ಹಂಗರಿ. ನಿಮಗ ತ್ರಾಸ ಆತು, ತಪ್ಪು ತಿಳೀಬ್ಯಾಡ್ರಿ" ಎಂದರು. ಕಾರು ಹೊರಡುವುದಕ್ಕೇ ಕ್ಷಮೆ ಕೇಳುವ ಗಂಡಸರನ್ನು ನೀವು ಬೇರೆಲ್ಲೂ ನೋಡಿರಲಿಕ್ಕಿಲ್ಲ.

ನಮ್ಮ ಮನೆಯವರ ಹೆಸರು ವೀರಣ್ಣ. ಬಾಯಿಂದ ಹೇಳುವುದಿಲ್ಲ, ಬರೆಯುವುದಕ್ಕೆ ಅಡ್ಡಿಯಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ. ಬೆಟಗೇರಿಯಲ್ಲಿ ಅವರದೂ ರಜಾಕನದೂ ಕೂಡಿ ಒಂದು ಲೇತ್ ವರ್ಕ್‌ಶಾಪ್ ಇದೆ. ಟ್ರ್ಯಾಕ್ಟರಿನ ಗೇರು, ಹಿಟ್ಟಿನ ಗಿರಣಿಯ ಶಾಫ್ಟು, ಕಬ್ಬಿನಹಾಲು ತೆಗೆಯುವ ಯಂತ್ರದ ಗಾಲಿ, ಇಂಥವನ್ನು ಮಾಡಿಕೊಂಡು ಸುಖವಾಗಿದ್ದರು. ಮೂರು ವರ್ಷದ ಹಿಂದೆ ಹುಬ್ಬಳ್ಳಿ ಕಡೆಯ ರೇಸಿನವರು ಇಬ್ಬರು ಒಂದು ಮುರಿದ ಗೇರ್‌ಬಾಕ್ಸ್ ತಂದು ಬೆಂಚಿನ ಮೇಲೆ ಇಟ್ಟು, "ಇಂಥಾದ್ದು ಮಾಡ್ತೀರೇನ್ರಿ?" ಎಂದು ಕೇಳಿದರು. ಅಂದಿನಿಂದ ನನ್ನ ಗಂಡ ನನ್ನ ಕೈಗೆ ಸಿಕ್ಕಿಲ್ಲ.

ಅದೇನೆಂದು ನನಗೆ ತಿಳಿದಷ್ಟು ಹೇಳುತ್ತೇನೆ. ಸಾದಾ ಕಾರಿನ ಗೇರ್‌ಬಾಕ್ಸಿನಲ್ಲಿ ಗಾಲಿಗಳ ನಡುವೆ ಹಿತ್ತಾಳೆಯ ಬಳೆಗಳಿರುತ್ತವೆ. ಒಂದು ಜೋರಾಗಿ, ಒಂದು ನಿಧಾನವಾಗಿ ತಿರುಗುವ ಎರಡು ಗಾಲಿಗಳಿಗೆ ಈ ಬಳೆ ರಾಜಿ ಮಾಡಿಸಿ, ಒಂದೇ ವೇಗಕ್ಕೆ ತಂದು, ಆಮೇಲೆ ಕೂಡಿಸುತ್ತದೆ. ರೇಸಿನವರಿಗೆ ಅಷ್ಟು ಪುರಸೊತ್ತಿಲ್ಲ. ಅವರು ಬಳೆಯನ್ನೇ ತೆಗೆದುಹಾಕಿ, ಗಾಲಿಯ ಮಗ್ಗುಲಿಗೆ ದಪ್ಪನೆಯ ಚೌಕ ಹಲ್ಲುಗಳನ್ನು ಇಡಿಸುತ್ತಾರೆ. ಗೇರ್ ರಾಡನ್ನು ಒಂದೇ ಏಟಿಗೆ ಎಳೆದರೆ ಹಲ್ಲಿನ ಸಂದಿಗೆ ಹಲ್ಲು ಹೋಗಿ ಕೂಡುತ್ತದೆ. ಅನುಮಾನಿಸುತ್ತ ಎಳೆದರೆ ಮೂಲೆಗೆ ಮೂಲೆ ತಿಕ್ಕಿ ಮೊದಲು ಸವೆಯುತ್ತದೆ, ಆಮೇಲೆ ಮುರಿಯುತ್ತದೆ.

ನನ್ನ ಗಂಡ ಮೂರು ವರ್ಷ ಕೂತು ಅದನ್ನು ಕೊರೆದು, ಕಾಸಿ, ಸಾಣೆ ಹಿಡಿದು, ನಮ್ಮ ಹಳೆಯ ಕೆಂಪು ಸಣ್ಣ ಕಾರಿಗೇ ಕೂಡಿಸಿದರು. ಆದರೆ ಓಡಿಸಲು ಅವರಿಗೇ ಬರಲಿಲ್ಲ. ಬಿಂಕದಕಟ್ಟಿಯ ರಸ್ತೆಯಲ್ಲಿ ಒಂದು ತಿಂಗಳು ಓಡಿಸಿ ಎರಡು ಗಾಲಿಗಳ ಹಲ್ಲನ್ನು ತೆಂಗಿನ ಉಂಡೆಯ ಹಾಗೆ ದುಂಡಗೆ ಮಾಡಿ ತಂದರು. ರಜಾಕ ಅವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. "ಅಣ್ಣಾ, ನೀ ಗೇರ್ ಹಾಕೂದಿಲ್ಲ. ಗೇರಿಗೆ ಅರ್ಜಿ ಕೊಡ್ತಿ" ಎಂದ. "ಬರ್ತೀರೇನ್ರಿ, ಕೂಡ್ತೀರೇನ್ರಿ ಅಂತ ಕೇಳ್ತಿ. ಇದಕ್ಕ ಹಂಗ ಕೇಳಬಾರದು. ಇದಕ್ಕ ಮರ್ಯಾದಿ ಕೊಟ್ರ ಮುರೀತೈತಿ."

ಅವನು ಹೇಳಿದ್ದು ಖರೆ. ನನ್ನ ಗಂಡ ಬೀದಿ ನಾಯಿಗೂ "ಸರೀರಿ ಸ್ವಲ್ಪ" ಎನ್ನುವವರು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಅವರು ಒಂದು ಬಾಗಿಲನ್ನು ಸದ್ದಾಗುವಂತೆ ಹಾಕಿದ್ದನ್ನು ನಾನು ಕಂಡಿಲ್ಲ. ನನ್ನದು ಅದರ ತದ್ವಿರುದ್ಧ. ನಾನು ಖಡಕ್ ರೊಟ್ಟಿ ಮಾಡಿ ಮಾರುವವಳು, ದಿನಕ್ಕೆ ನಾಲ್ಕುನೂರು ರೊಟ್ಟಿ ಬಡಿಯುತ್ತೇನೆ. ಸಣ್ಣ ಸರಕಿನ ಗಾಡಿ ಓಡಿಸಿಕೊಂಡು ಗದಗಿನ ಖಾನಾವಳಿಗಳಿಗೆ ನಾನೇ ಮುಟ್ಟಿಸಿ ಬರುತ್ತೇನೆ. ರಜಾಕ ನನ್ನ ಕಡೆ ತಿರುಗಿ, "ವೈನಿ ಓಡಸ್ಲಿ. ವೈನಿ ಕೈಗೆ ಸಂಕೋಚ ಗೊತ್ತಿಲ್ಲ" ಎಂದ. ಹೊಗಳಿದನೋ ಬೈದನೋ, ಆ ಮನುಷ್ಯನದು ಯಾವಾಗಲೂ ಅರ್ಧಮರ್ಧ.

ಒಪ್ಪಿಕೊಂಡೆ, ಆದರೆ ಪುಕ್ಕಟೆಯಲ್ಲ. ಲಕ್ಷ್ಮೇಶ್ವರದಲ್ಲಿ ನನ್ನ ಚಿಗವ್ವನ ಮಗ ಬಸಣ್ಣನ ಟ್ರ್ಯಾಕ್ಟರ್ ಅಂಗಡಿ ಇದೆ. ಅಲ್ಲಿ ಮ್ಯಾನೇಜರ್ ಖುರ್ಚಿ ಖಾಲಿಯಾಗಿತ್ತು. ತಿಂಗಳ ಪಗಾರ, ಸ್ವಚ್ಛ ಅಂಗಿ, ತಲೆಯ ಮೇಲೆ ಫ್ಯಾನು. ನನ್ನ ಗಂಡ ಅದನ್ನು ಆರು ತಿಂಗಳಿಂದ 'ನೋಡೂಣು' ಎಂಬ ಒಂದೇ ಮಾತಿನಲ್ಲಿ ತಳ್ಳಿಕೊಂಡು ಬಂದಿದ್ದರು. ನಾನು ರಜಾಕನ ಎದುರಿಗೇ ಕರಾರು ಮಾಡಿಸಿದೆ: ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಿ, ಕೊರ್ಲಹಳ್ಳಿಯ ನನ್ನ ತವರು ಮುಟ್ಟಿ ತಿರುಗಿ ಬರಬೇಕು. ಬಂದ ಮೇಲೆ ಬಾಕ್ಸ್ ಬಿಚ್ಚಬೇಕು. ಹಲ್ಲೆಲ್ಲ ನೆಟ್ಟಗಿದ್ದರೆ ಖುರ್ಚಿಯ ಮಾತು ನಾನು ಜನ್ಮದಲ್ಲಿ ಎತ್ತುವುದಿಲ್ಲ. ಒಂದು ಹಲ್ಲು ಮುರಿದಿದ್ದರೂ ಸೋಮವಾರದಿಂದ ಅವರು ಲಕ್ಷ್ಮೇಶ್ವರಕ್ಕೆ ಹೋಗಬೇಕು. ಸವೆದ ಎರಡು ಗಾಲಿಗಳ ಜಾಗಕ್ಕೆ ಹೊಸವು ಕೂತ ಮೇಲೆ ರಜಾಕ ಬೋಲ್ಟುಗಳ ಮೇಲೆ ಕೆಂಪು ಬಣ್ಣ ಬಳಿದು ಸೀಲು ಮಾಡಿದ. ನಿಜ ಹೇಳಬೇಕೆಂದರೆ, ಅದು ಮುಳಗುಂದ ದಾಟುವುದರೊಳಗೇ ಮುರಿಯಲಿ ಎಂದು ನಾನು ದೇವರಲ್ಲಿ ಬೇಡಿಕೊಂಡೇ ಗಾಡಿ ಹತ್ತಿದ್ದೆ.

ಗದಗಿನ ಪೇಟೆ ದಾಟುವುದರೊಳಗೆ ಬೆವತುಹೋದೆ. ಈ ಕಾರು ನಿಧಾನಕ್ಕೆ ಹೋಗಲು ಒಪ್ಪುವುದಿಲ್ಲ, ಕುಪ್ಪಳಿಸುತ್ತದೆ. ಒಳಗಿನಿಂದ 'ಕುಂಯ್' ಎಂಬ ಸದ್ದು ಬೇರೆ. ವೇಗ ಏರಿದ ಹಾಗೆ ಅದೂ ಏರುತ್ತದೆ. ಊರು ಬಿಟ್ಟು ಮುಳಗುಂದದ ರಸ್ತೆಗೆ ಬಿದ್ದ ಮೇಲೆ ಪಾಠ ಶುರುವಾಯಿತು. ಕ್ಲಚ್ ಬೇಕಾಗುವುದು ಹೊರಡುವಾಗ, ನಿಲ್ಲುವಾಗ ಮಾತ್ರ. ಮೇಲಿನ ಗೇರಿಗೆ ಹೋಗುವಾಗ ಆಕ್ಸಲರೇಟರ್ ಮೇಲಿನ ಕಾಲನ್ನು ಚಣಹೊತ್ತು ಎತ್ತಬೇಕು, ಅಷ್ಟರಲ್ಲೇ ರಾಡನ್ನು ಎಳೆದು ಮುಗಿಸಿರಬೇಕು. ಮೊದಲ ಸಲ ನಾನೂ ಸ್ವಲ್ಪ ಅಂಜಿದೆ. 'ಕರ್' ಎಂದಿತು. ನನ್ನ ಗಂಡ ತಮ್ಮ ಹಲ್ಲನ್ನೇ ಯಾರೋ ಕಿತ್ತ ಹಾಗೆ ಕೆನ್ನೆ ಹಿಡಿದುಕೊಂಡರು.

ಎರಡನೇ ಸಲ ನನಗೆ ಸಿಟ್ಟು ಬಂದಿತ್ತು. "ಬಾ ಲೇ!" ಎಂದು ಬೈದು ಎಳೆದೆ. 'ಟಕ್' ಎಂದು ಕೂಡಿತು. ಮೂರನೆಯದಕ್ಕೂ "ಬಾ ಲೇ!" ಟಕ್. ಬೈದರೆ ಕೈ ತಾನೇ ಗಟ್ಟಿಯಾಗುತ್ತದೆ ಎಂಬುದು ಆಗ ತಿಳಿಯಿತು. ರೊಟ್ಟಿಯನ್ನು ಹಂಚಿನ ಮೇಲೆ ತಿರುವಿ ಹಾಕುವುದೂ ಹೀಗೆಯೇ, ನಡುವೆ ವಿಚಾರ ಮಾಡಿದರೆ ಹರಿಯುತ್ತದೆ. "ಚಂದ ಬಿತ್ತು" ಎಂದು ನನ್ನ ಗಂಡ ಮೆಲ್ಲಗೆ ಹೇಳಿದರು, "ಆದ್ರ ಅಷ್ಟು ಬೈಬೇಕೇನು?" ಬೈಯಬೇಕು ಎಂದೆ. ಮುಳಗುಂದ ದಾಟಿತು. ಏನೂ ಮುರಿಯಲಿಲ್ಲ.

ಗದಗಿನಿಂದ ಲಕ್ಷ್ಮೇಶ್ವರ ಸುಮಾರು ನಲವತ್ತು ಕಿಲೋಮೀಟರ್. ಎಂಟಕ್ಕೆ ಮುಟ್ಟಿ, ಬಸ್ ನಿಲ್ದಾಣದ ಹತ್ತಿರ ಗಿರ್ಮಿಟ್ಟು, ಮಿರ್ಚಿ ತಿಂದೆವು. ಮಿರ್ಚಿ ಬಿಸಿ ಇತ್ತು, ಖಾರ ಗದಗಿನದಕ್ಕಿಂತ ಒಂದು ಕೈ ಮೇಲು. ಕಾರು ನಿಲ್ಲಿಸಿದಲ್ಲೇ ನಾಲ್ಕು ಮಂದಿ ಸೇರಿದರು. ಕರಿ ಕಂಬಳಿ ಹೊದ್ದ ಒಬ್ಬ ರೈತ ಬಗ್ಗಿ ಕೆಳಗೆ ನೋಡಿ, "ಗಾಡ್ಯಾಗ ಗಿರಣಿ ಇಟ್ಟೀರೇನ್ರಿ? ಜ್ವಾಳ ಬೀಸ್ತೈತೇನು?" ಎಂದು ಕೇಳಿದ. ನನ್ನ ಗಂಡ ಮಿರ್ಚಿಯನ್ನು ತಟ್ಟೆಯಲ್ಲಿಟ್ಟು, ಎದ್ದು ನಿಂತು, ನೇರ ಹಲ್ಲಿನ ಗಾಲಿ ಯಾಕೆ ಕೂಗುತ್ತದೆ ಎಂದು ಆತನಿಗೆ ಕಾಲು ಗಂಟೆ ವಿವರಿಸಿದರು. ಆತ ಅಷ್ಟೂ ಕೇಳಿ, "ಅಂದ್ರ ಬೀಸೂದಿಲ್ಲ" ಎಂದು ನಿರಾಶೆಯಿಂದ ಹೊರಟುಹೋದ.

ಬಸಣ್ಣ ಅಂಗಡಿಯ ಬಾಗಿಲಲ್ಲೇ ಕಾಯುತ್ತಿದ್ದ. "ಬರ್ರಿ ಮಾವಾರ, ಕುಂಡ್ರಿ, ಕುಂತು ನೋಡ್ರಿ" ಎಂದು ನನ್ನ ಗಂಡನನ್ನು ಎಳೆದುಕೊಂಡೇ ಹೋದ. ಖುರ್ಚಿ ಹೊಸದು, ತಿರುಗುವಂಥದ್ದು, ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಕಿತ್ತಿರಲಿಲ್ಲ. ಮೇಜಿನ ಮೇಲೆ ಹೆಸರಿನ ಹಲಗೆಯನ್ನೂ ಮಾಡಿಸಿ ಇಟ್ಟಿದ್ದ. ನನಗೆ ಎದೆ ತುಂಬಿ ಬಂತು. ನನ್ನ ಗಂಡ ಕೂತರು. ಕೂತವರಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೇಜಿನ ಮೇಲೆ ಇಟ್ಟರು. ಉಗುರಿನ ಸಂದಿಯ ಗ್ರೀಸು ಕಂಡು ತೆಗೆದರು. ಮೊಣಕಾಲಿನ ಮೇಲೆ ಇಟ್ಟರು, ಆಮೇಲೆ ತೊಡೆಯ ಕೆಳಗೆ ಹಾಕಿಕೊಂಡು ಕೂತರು. "ಹೆಂಗೈತ್ರಿ?" ಎಂದ ಬಸಣ್ಣ. "ಭಾಳ ಚಲೋ ಐತ್ರಿ" ಎಂದರು, ದವಾಖಾನೆಯಲ್ಲಿ ಸೂಜಿ ಚುಚ್ಚಿಸಿಕೊಳ್ಳಲು ಕೂತವರ ಮುಖದಲ್ಲಿ. ಚಹಾ ಕುಡಿದು ಎದ್ದೆವು. ಆ ಕೈಗಳು ನನ್ನ ಕಣ್ಣಿನಿಂದ ಹೋಗಲಿಲ್ಲ, ಹಾಳಾದ್ದು.

ಶಿರಹಟ್ಟಿ ಅಲ್ಲಿಂದ ದೂರವಿಲ್ಲ. ಊರು ದಾಟಿ ಮುಂಡರಗಿಯ ಕಡೆ ಹೊರಳಿದಾಗ ಒಬ್ಬ ಮುದುಕಿ ರಸ್ತೆಯ ನಡುವೆಯೇ ನಿಂತು ಕೈ ಅಡ್ಡ ಹಿಡಿದಳು. ನಮ್ಮ ಕಡೆ ಅದು ಬೇಡಿಕೆಯಲ್ಲ, ಹುಕುಂ. ನಿಲ್ಲಿಸಿದೆ. ಮೆಣಸಿನಕಾಯಿಯ ಗಂಟಿನ ಸಮೇತ ಹಿಂದೆ ಹತ್ತಿ ಕೂತಳು, ಗಾಡಿಯ ತುಂಬ ಸೀನು ತುಂಬಿತು. ನಾನು ಹೊರಟು, "ಬಾ ಲೇ!" ಎಂದು ಎರಡನೆಯದಕ್ಕೆ ಎಳೆದೆ. "ಬಾ ಲೇ!" ಮೂರನೆಯದು. ನಾಲ್ಕನೆಯದಕ್ಕೆ ಹಿಂದಿನಿಂದ ನನ್ನ ಬೆನ್ನಿಗೆ ಒಂದು ಗುದ್ದು ಬಿತ್ತು.

"ಏನ್ ಹೆಂಗಸವಾ ನೀನು! ಮಗ್ಗಲಿಗೆ ಗಂಡನ್ನ ಕುಂದ್ರಿಸ್ಕೊಂಡು ಲೇ ಲೇ ಅಂತೀಯಲ್ಲ, ನಾಲಿಗಿ ಹೆಂಗ ಬರ್ತೈತಿ ನಿನಗ?"

"ನನಗಲ್ಲಾ ಆಯಿ, ಗೇರಿಗೆ" ಎಂದರು ನನ್ನ ಗಂಡ.

"ನೀ ಸುಮ್ನಿರಪಾ. ನೀ ಇಷ್ಟು ಮೆತ್ತಗ ಇರೂದಕ್ಕ ಆಕೀ ಹಿಂಗ ಆಗ್ಯಾಳ."

ಮುಂದಿನ ಎರಡು ಊರು ಬರುವ ತನಕ ಆಯಿ ನನಗೆ ಸಂಸಾರದ ರೀತಿ ಕಲಿಸಿದಳು. ನಾನು ಬಾಯಿ ಮುಚ್ಚಿಕೊಂಡು, ಮನಸ್ಸಿನೊಳಗೇ ಬೈಯುತ್ತ ಗೇರ್ ಬದಲಿಸಿದೆ. ಇಳಿಯುವ ಹೊತ್ತಿಗೆ ಆಕೆಗೆ ಗಂಡನ ಮೇಲೆ ಕನಿಕರ ಹುಟ್ಟಿತು. "ಏನ್ ಉದ್ಯೋಗ ಮಾಡ್ತಿ ಮಗಾ?" ಎಂದಳು. ಲೇತ್ ಕೆಲಸ ಎನ್ನುತ್ತಾರೆ, ಇಲ್ಲವೇ ಬಸಣ್ಣನ ಅಂಗಡಿಯ ಹೆಸರು ಹೇಳುತ್ತಾರೆ ಎಂದು ನಾನು ಕಿವಿಗೊಟ್ಟೆ. ಅವರು ಬಗ್ಗಿ ಗೇರ್ ರಾಡಿನ ಬುಡವನ್ನು ಮುಟ್ಟಿ, "ಇದನ್ನ ಮಾಡ್ತೀನಿ ಆಯಿ. ಇದು ನಂದು" ಎಂದರು. ಸ್ವಂತದ್ದೆಂದು ಅವರು ಯಾವುದನ್ನಾದರೂ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮನೆಯನ್ನೂ ಅವರು 'ನಮ್ಮ ಅಣ್ಣಾರ ಮನಿ' ಎಂದೇ ಹೇಳುತ್ತಾರೆ.

ಕಪ್ಪತಗುಡ್ಡದ ಮಗ್ಗುಲಿಗೆ ರಸ್ತೆ ಏರಿಳಿಯುತ್ತದೆ. ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಬಿಸಿಲು ಇನ್ನೂ ಏರಿರಲಿಲ್ಲ, ಎದುರಿಗೆ ಒಂದು ಗಾಡಿಯಿಲ್ಲ. ಏರಿನಲ್ಲಿ ಕೆಳಗಿನ ಗೇರಿಗೆ ಬರುವಾಗ ಆಕ್ಸಲರೇಟರನ್ನು ಒಮ್ಮೆ ಒದ್ದು ಎಳೆಯಬೇಕು. ಅದೂ ಕೈಗೆ ಹತ್ತಿತು. ನಾಲ್ಕು, ಮೂರು, ತಿರುವು, ಮತ್ತೆ ನಾಲ್ಕು. ಟಕ್, ಟಕ್, ಟಕ್. ಒಂದು ಕರ್ ಇಲ್ಲ. ನಾನು ಜೋರಾಗಿ ನಗುತ್ತಿದ್ದೇನೆ ಎಂಬುದು ಗಂಡ ನನ್ನ ಕಡೆ ಬೆರಗಾಗಿ ನೋಡಿದಾಗಲೇ ನನಗೆ ತಿಳಿದದ್ದು. ಎಷ್ಟು ವರ್ಷವಾಗಿತ್ತು ಹಾಗೆ ನಕ್ಕು! ಇದು ಮುರಿಯಲಿ ಎಂದು ಬೇಡಿಕೊಂಡದ್ದು ಮುಂಡರಗಿಯ ಮನೆಗಳು ಕಾಣುವ ತನಕ ನೆನಪಿಗೇ ಬರಲಿಲ್ಲ.

ಕೊರ್ಲಹಳ್ಳಿ ಮುಟ್ಟಿದಾಗ ಹನ್ನೊಂದು ದಾಟಿತ್ತು. ತುಂಗಭದ್ರೆಯ ದಂಡೆಯ ಊರು. ತವರುಮನೆಯಲ್ಲಿ ಅಣ್ಣ, ಅತ್ತಿಗೆ, ಅವರ ಸೊಸೆ, ಮೊಮ್ಮಕ್ಕಳು ಸೇರಿ ಹನ್ನೆರಡು ತಲೆ. ಎಲ್ಲರ ಮೇಲೂ ಅಧಿಕಾರ ನಡೆಸುವವರು ನನ್ನ ಅಪ್ಪ. ಹಳೆಯ ಲಾರಿಗಳನ್ನು ಇಪ್ಪತ್ತೆಂಟು ವರ್ಷ ಓಡಿಸಿದವರು. ಅಳಿಯನೆಂದರೆ ಅವರಿಗೆ ಅಷ್ಟಕ್ಕಷ್ಟೇ. "ಅಂವ ಮನಷ್ಯಾ ಚಲೋ, ಆದ್ರ ಹಾರ್ನ್ ಹೊಡಿಯೂದಿಲ್ಲ" ಎಂಬುದು ಅವರ ತೀರ್ಪು. ಖುರ್ಚಿ ಕೊಡು ಎಂದು ಬಸಣ್ಣನಿಗೆ ಮೊದಲು ಹೇಳಿದವರೂ ಅವರೇ.

ಕಾರಿನ ಸದ್ದಿಗೆ ಅಪ್ಪ ಅಂಗಳಕ್ಕೆ ಬಂದು, ಕಿವಿಯ ಮೇಲೆ ಕೈಯಿಟ್ಟು ನಿಂತರು. "ಬಳಿ ಇಲ್ಲದ ಗೇರಲ್ಲಾ ಇದು? ನಮ್ಮ ಲಾರೀ ಹಂಗ?" ಎಂದರು. ಹೌದು ಎಂದೆವು. ಕೇಳಲಿಲ್ಲ, ಮಾಡಲಿಲ್ಲ, ಧೋತರ ಎತ್ತಿಕಟ್ಟಿ ನನ್ನನ್ನು ಪಕ್ಕಕ್ಕೆ ಸರಿಸಿ ಕೂತೇಬಿಟ್ಟರು. ನನ್ನ ಗಂಡ ಹಿಂದಿನ ಸೀಟಿಗೆ ಹೋಗಿ ಕಣ್ಣು ಮುಚ್ಚಿಕೊಂಡರು. ಅಪ್ಪ ಹೊಳೆಯ ಕಡೆಯ ರಸ್ತೆಗೆ ಹೊರಟರು. ಅವರದು ಲಾರಿಯ ಕ್ರಮ, ಒಂದೊಂದು ಗೇರಿಗೆ ಎರಡೆರಡು ಸಲ ಕ್ಲಚ್ ತುಳಿಯುವುದು. ಅದರ ಅಗತ್ಯವೇ ಇರಲಿಲ್ಲ, ಆದರೂ ಒಂದು ಸಣ್ಣ ಸದ್ದು ಬರಲಿಲ್ಲ. ಹೊಳೆಯ ಹತ್ತಿರ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ರಾಡಿನ ಮೇಲಿನ ಕೈ ತೆಗೆಯದೆ ಹಿಂದಕ್ಕೆ ತಿರುಗಿದರು.

"ಇದನ್ನ ನೀವಾ ಮಾಡಿದ್ರೇನು ಅಳಿಯಂದಿರ?"

"ಹೌದ್ರಿ ಮಾವಾರ. ರಜಾಕ ಅದಾನ್ರಿ ಜೋಡಿ."

"ಹ್ಞೂಂ" ಎಂದರು ಅಪ್ಪ. ಅವರ ಬಾಯಲ್ಲಿ ಅದು ಹಾರ ತುರಾಯಿ ಇದ್ದ ಹಾಗೆ. ಗಂಡ ನೀರಿನ ಕಡೆ ಹೋದ ಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಇದು ತಾನಾಗಿ ಮುರಿಯೂ ಮಾಲಲ್ಲ. ನೀ ಮುರೀಬೇಕು ಅಂದ್ರ ಮುರೀತೈತಿ. ಮನಿತನಕಾ ನಿನ್ನ ಕೈಯಾಗ ಐತಿ, ನೋಡು" ಎಂದರು. ನನ್ನ ಮುಖ ಕೆಂಪಾಯಿತು. ಈ ಮುದುಕನಿಗೆ ಕರಾರಿನ ವಿಷಯ ಯಾರು ಹೇಳಿದರೋ, ಇಲ್ಲ ನನ್ನ ಮುಖದ ಮೇಲೇ ಬರೆದಿತ್ತೋ. ನನಗೆ ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಬಿಸಿ ರೊಟ್ಟಿ ಉಂಡು ಎರಡಕ್ಕೆ ಹೊರಟೆವು. ಅತ್ತಿಗೆಯ ರೊಟ್ಟಿ ಸ್ವಲ್ಪ ದಪ್ಪ, ಅದನ್ನು ನಾನು ಅಲ್ಲಿ ಹೇಳಲಿಲ್ಲ. ಈಗ ನಾನು ಓಡಿಸುತ್ತಿದ್ದುದು ಬೇರೆಯೇ ಮನಸ್ಸಿನಲ್ಲಿ. ಒಂದೊಂದು ಟಕ್ಕನ್ನೂ ಲೆಕ್ಕ ಹಾಕುತ್ತಿದ್ದೆ. ಇನ್ನು ಐವತ್ತು ಚಿಲ್ಲರೆ ಕಿಲೋಮೀಟರ್ ದಾಟಿ ಗದಗ ಮುಟ್ಟಿದರೆ ಗೆದ್ದಂತೆ. ಯಾರು ಗೆದ್ದಂತೆ ಎಂದು ಕೇಳಬೇಡಿ, ನನಗೇ ಗೊಂದಲವಾಗಿತ್ತು.

ಮುಂಡರಗಿಯ ಬಜಾರಿನಲ್ಲಿ ತಪ್ಪು ಮಾಡಿದೆ. ರಜಾಕನ ಮನೆಗೆ ಬಾಳೆಹಣ್ಣು ತೆಗೆದುಕೊಳ್ಳೋಣವೆಂದು ಇಳಿದೆ. ಎಂಜಿನ್ ಬಿಸಿಯಾಗಿ ಒಮ್ಮೆ ನಿಂತರೆ ಮತ್ತೆ ಹತ್ತಲು ಹಟ ಮಾಡುತ್ತಿದ್ದುದರಿಂದ ಚಾಲೂ ಇಟ್ಟೇ ಹೋದೆ. "ಮುಟ್ಟಬ್ಯಾಡ್ರಿ" ಎಂದು ಗಂಡನಿಗೆ ಹೇಳಿಯೇ ಹೋದೆ. ಬಾಳೆಹಣ್ಣಿನವನ ಜೊತೆ ಚೌಕಾಸಿ ನಡೆದಿತ್ತು. ಅಷ್ಟರಲ್ಲಿ ಒಂದು ಬಸ್ಸು ಬಂದು ನಮ್ಮ ಕಾರಿನ ಹಿಂದೆ ನಿಂತಿತು. ಕಂಡಕ್ಟರ್ ತಲೆ ಹೊರಗೆ ಹಾಕಿ, "ಯಜಮಾನ್ರ, ಸ್ವಲ್ಪ ಮುಂದ ತಗೋರಿ" ಎಂದ. ಬೈದಿದ್ದರೆ ನನ್ನ ಗಂಡ ಕಾರಿನೊಳಗೇ ಮುದುಡಿ ಕೂತಿರುತ್ತಿದ್ದರು. ಆ ಪುಣ್ಯಾತ್ಮ ಮರ್ಯಾದೆಯಿಂದ ಕೇಳಿಬಿಟ್ಟ. ಮರ್ಯಾದೆಯಿಂದ ಕೇಳಿದವರಿಗೆ ಇಲ್ಲ ಎನ್ನುವುದು ನನ್ನ ಗಂಡನ ಏಳು ತಲೆಮಾರಿನಲ್ಲೇ ಇಲ್ಲ.

ನನಗೆ ಕೇಳಿಸಿದ್ದು ಸದ್ದು ಮಾತ್ರ. ಕರ್‌ರ್‌ರ್‌ರ್. ಗಾಡಿ ಕುಪ್ಪಳಿಸಿತೆಂದು ಮೊದಲನೆಯದರಿಂದ ಎರಡನೆಯದಕ್ಕೆ, ಅರ್ಜಿ ಕೊಟ್ಟು, ಉತ್ತರಕ್ಕೆ ಕಾದು, ಮತ್ತೆ ಅರ್ಜಿ ಕೊಟ್ಟು. ಆಮೇಲೆ 'ಟಣ್' ಎಂದು ಒಂದು ಸಣ್ಣ ಸದ್ದು. ಬಾಳೆಹಣ್ಣು ಅಲ್ಲೇ ಬಿಟ್ಟು ಓಡಿದೆ. "ಇಳೀರಿ! ಇಳೀರಿ ಕೆಳಗ! ಯಾರು ಮುಟ್ಟಂದ್ರು ನಿಮಗ? ಮೂರು ವರ್ಷದ ಕೆಲಸ ಐತಿ ಅದು! ಗಾಡಿ ಸರಸಾಕ ಬಸ್ಸಿನವ್ರು ಹೇಳಿದ್ರ ಸರಸಿಬಿಡೂದೇನು?" ಮುಂಡರಗಿಯ ಬಜಾರು ಬಜಾರೇ ನಿಂತು ನೋಡಿತು. ನನ್ನ ಗಂಡ ಇಳಿದು ನಿಂತು, "ಬಸ್ಸಿನ್ಯಾಗ ಮಂದಿ ಕುಂತಿದ್ರು, ಪಾಪ" ಎಂದರು. ನನಗೆ ಅಳು ಬಂತು. ಬೆಳಿಗ್ಗೆ ಬೇಡಿದ್ದನ್ನೇ ದೇವರು ಮಧ್ಯಾಹ್ನ ಕೊಟ್ಟಿದ್ದ, ನಡುವೆ ನನ್ನ ಮನಸ್ಸು ಹೊರಳಿದ್ದನ್ನು ನೋಡದ ದೇವರು.

ದಂಬಳದ ಮೇಲೆ ಹಾದು ಗದಗಿಗೆ ಬರುವ ತನಕ ನಾನು ಬೈಯಲೂ ಇಲ್ಲ, ಗೇರಿಗೆ ಸಹ. ಎರಡನೆಯದಕ್ಕೆ ಹೋದಾಗಲೆಲ್ಲ ಇಬ್ಬರೂ ಉಸಿರು ಹಿಡಿದೆವು. ಕೂಡುತ್ತಿತ್ತು, ಆದರೆ ಟಕ್ಕಿನ ಹಿಂದೆ ಇನ್ನೊಂದು ಸಣ್ಣ ಸದ್ದು ಸೇರಿಕೊಂಡಿತ್ತು.

ನಾಲ್ಕಕ್ಕೆ ಬೆಟಗೇರಿ ಮುಟ್ಟಿದೆವು. ಒಟ್ಟು ನೂರಾ ಅರವತ್ತು ಕಿಲೋಮೀಟರಿನ ಸುಮಾರು. ರಜಾಕ ಸೀಲಿನ ಬಣ್ಣ ನೋಡಿ, ಎಣ್ಣೆ ಇಳಿಸಿದ. ಬುಡದ ಬೋಲ್ಟಿನ ಅಯಸ್ಕಾಂತಕ್ಕೆ ಜೋಳದ ಕಾಳಿನಷ್ಟು ಉಕ್ಕಿನ ಚೂರು ಅಂಟಿಕೊಂಡಿತ್ತು. ಅವನು ಎರಡು ತಾಸು ಬಿಚ್ಚಿ, ಗಾಲಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟ. ಒಂದು, ಮೂರು, ನಾಲ್ಕು, ಐದು: ಹಲ್ಲಿನ ಮೂಲೆಗಳು ಸೀಲು ಮಾಡಿದಾಗ ಇದ್ದಷ್ಟೇ ಚೂಪು. ಎರಡನೆಯದರ ಒಂದು ಹಲ್ಲಿನ ಮೂಲೆ ಇರಲಿಲ್ಲ.

ನನ್ನ ಗಂಡ ಆ ಗಾಲಿಯನ್ನು ಎತ್ತಿ ನೋಡಿ, ಪೇಪರಿನ ಮೇಲೆ ಸದ್ದಾಗದ ಹಾಗೆ ಇಟ್ಟರು. "ಆತು. ಸೋಮವಾರದಿಂದ ಹೋಗ್ತೀನಿ" ಎಂದರು. ಮಾತಿಗೆ ತಪ್ಪುವವರಲ್ಲ. ಕೈ ಒರೆಸಿಕೊಳ್ಳಲು ಶುರುಮಾಡಿದರು, ಉಗುರಿನ ಸಂದಿಯನ್ನೂ ಬಿಡದೆ ಒರೆಸುತ್ತಿದ್ದರು. ಅದನ್ನು ನೋಡಲಾಗಲಿಲ್ಲ ನನಗೆ.

"ಎಲ್ಲಿಗೆ ಹೋಗ್ತೀರಿ?" ಎಂದೆ. "ಕರಾರು ನಾ ಓಡಿಸಿದ್ದಕ್ಕ. ನನ್ನ ಕೈಯಾಗ ಎಲ್ಲಾ ನೆಟ್ಟಗ ಅದಾವ, ನೋಡ್ರಿ ಬೇಕಾದ್ರ."

"ಮತ್ತ ಇದು ಯಾರ ಲೆಕ್ಕಕ್ಕ ವೈನಿ?" ಎಂದ ರಜಾಕ, ಎರಡನೇ ಗಾಲಿ ತೋರಿಸಿ.

"ಕಂಡಕ್ಟರಂದು."

ರಜಾಕ ತಲೆ ತಗ್ಗಿಸಿ ಬೋಲ್ಟು ಹುಡುಕುವವನ ಹಾಗೆ ಮಾಡಿದ, ಭುಜ ಅಲುಗುತ್ತಿತ್ತು. ನಾನು ಅಲ್ಲೇ ನಿಂತು ಬಸಣ್ಣನಿಗೆ ಫೋನ್ ಹಚ್ಚಿ, ಖುರ್ಚಿಯ ಪ್ಲಾಸ್ಟಿಕ್ ಕೀಳುವ ಮೊದಲು ಬೇರೆ ಯಾರನ್ನಾದರೂ ನೋಡಿಕೋ ಎಂದು ಹೇಳಿದೆ. ನನ್ನ ಗಂಡ ಒರೆಸುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದರು. ಅದನ್ನು ಬೆಂಚಿನ ಮೇಲೆ ಇಟ್ಟು, "ಎರಡನೇದು ಮಂಗಳವಾರದೊಳಗ ಮಾಡ್ತೀನಿ" ಎಂದರು.

ಮಾಡಿದರು. ಕಾರು ಈಗ ಮೊದಲಿನ ಹಾಗೆಯೇ ಓಡುತ್ತದೆ. ಅದರ ಕೀಲಿಕೈ ನನ್ನ ಅಡಿಗೆಮನೆಯಲ್ಲಿ ರೊಟ್ಟಿಯ ಬುಟ್ಟಿಯ ಹಿಂದೆ ಮೊಳೆಗೆ ತೂಗುಹಾಕಿದೆ. ನನ್ನ ಗಂಡ ಆಗಾಗ ಬಾಗಿಲ ಹತ್ತಿರ ಬಂದು ನಿಂತು, ಬಿಂಕದಕಟ್ಟಿಯ ತನಕ ಒಮ್ಮೆ ಹೋಗಿಬರಲೇನು ಎಂದು ಕೇಳುತ್ತಾರೆ. ಬಹಳ ಮರ್ಯಾದೆಯಿಂದ ಕೇಳುತ್ತಾರೆ. ನಾನು ಕೊಡುವುದಿಲ್ಲ.